ಮೂಗು ಚುಚ್ಚಿಸಿ ಐದು ವಾರ, ಪಕ್ಕದಲ್ಲೇ ಕೆಂಪು ಗುಳ್ಳೆ: ಬಿಚ್ಚಬೇಕಾ, ಬಿಡಬೇಕಾ?

ಮಲ್ಲಿಗೆ ದಂಡೆ
ಬಲ ಮೂಗು ಚುಚ್ಚಿಸಿ ಐದು ವಾರ ಆಯ್ತು. ಮೊದಲ ಎರಡು ವಾರ ಏನೂ ತೊಂದರೆ ಇರಲಿಲ್ಲ. ಈಗ ಮೂಗುತಿಯ ಬುಡಕ್ಕೆ ಅಂಟಿಕೊಂಡ ಹಾಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಕೆಂಪು ಗುಳ್ಳೆ ಎದ್ದಿದೆ. ಸುಮ್ಮನಿದ್ದರೆ ನೋವಿಲ್ಲ, ಮುಟ್ಟಿದರೆ ಚುರ್ ಅನ್ನುತ್ತೆ. ಬೆಳಿಗ್ಗೆ ಎದ್ದಾಗ ಸುತ್ತಲೂ ಹಳದಿ ಹಕ್ಕಳೆ ಕಟ್ಟಿರುತ್ತೆ.

ಹಾಕಿರೋದು 22 ಕ್ಯಾರೆಟ್ ಚಿನ್ನದ ತಿರುಪಿನ ಮೂಗುತಿ, ಒಂದೇ ಬಿಳಿ ಕಲ್ಲಿನದು. ಬೆಳಿಗ್ಗೆ ಡೆಟಾಲ್ ನೀರಲ್ಲಿ ಒರೆಸೋದು, ರಾತ್ರಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚೋದು. ದಿನಕ್ಕೆರಡು ಸಲ ತಿರುಗಿಸಬೇಕು ಅಂತ ಚುಚ್ಚಿದವರು ಹೇಳಿದ್ದರಿಂದ ತಿರುಗಿಸ್ತಾ ಇದ್ದೀನಿ. ಮನೆಯಲ್ಲಿ ಒಬ್ಬರು "ಕೀವಾಗಿದೆ, ಬಿಚ್ಚಿಬಿಡು" ಅಂತಾರೆ, ಇನ್ನೊಬ್ಬರು "ಬಿಚ್ಚಿದರೆ ತೂತು ಮುಚ್ಚಿಹೋಗುತ್ತೆ" ಅಂತಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ಒಂದೇ ಸಾಲು
ಬಿಚ್ಚಬೇಡಿ. ಮೊದಲು ಡೆಟಾಲ್ ನಿಲ್ಲಿಸಿ.

ಸೂಜಿಮೊನೆ
ತಂಗಿ, ಬರೆದಿರೋ ನಾಲ್ಕು ವಿಷಯದಲ್ಲಿ ನಾಲ್ಕೂ ಆ ಗುಳ್ಳೆಗೆ ಕಾರಣ ಆಗಬಲ್ಲವು: ಡೆಟಾಲ್, ಅರಿಶಿನ, ತಿರುಗಿಸೋದು, ತಿರುಪಿನ ಮೂಗುತಿ. ಗುಳ್ಳೆಗೆ ಔಷಧಿ ಹುಡುಕಬೇಡ. ಗಾಯವನ್ನ ಕೆರಳಿಸ್ತಿರೋದನ್ನ ತೆಗೆದರೆ ಗುಳ್ಳೆ ತಾನಾಗೇ ಇಳಿಯುತ್ತೆ.

ಮೊದಲು ತಿರುಗಿಸೋ ವಿಷಯ. ಚುಚ್ಚಿದ ತೂತು ಒಂದು ಸಣ್ಣ ಕೊಳವೆ ಇದ್ದ ಹಾಗೆ. ಹೊರಗಿನ ಬಾಯಿಂದ ಒಳಕ್ಕೆ, ಮೂಗಿನೊಳಗಿನ ಬಾಯಿಂದ ಈಚೆಗೆ, ಎರಡೂ ಕಡೆಯಿಂದ ಹೊಸ ಚರ್ಮ ಬೆಳೀತಾ ಬಂದು ನಡುವೆ ಕೂಡಬೇಕು. ಆ ಚರ್ಮ ಹಾಲಿನ ಕೆನೆಗಿಂತ ತೆಳು. ತಿರುಗಿಸಿದಾಗೆಲ್ಲ ಅದು ಹರಿಯುತ್ತೆ, ಜೊತೆಗೆ ಹೊರಗೆ ಕಟ್ಟಿರೋ ಒಣ ಹಕ್ಕಳೆ ಕಡ್ಡಿಯ ಜೊತೆ ಒಳಗೆ ಹೋಗಿ ಕೆರೆಯುತ್ತೆ. "ತಿರುಗಿಸದಿದ್ದರೆ ಅಂಟಿಕೊಳ್ಳುತ್ತೆ" ಅಂತಾರೆ. ಅಂಟೋದು ಲೋಹ ಅಲ್ಲ, ಹಕ್ಕಳೆ. ಹಕ್ಕಳೆಯನ್ನ ನೆನೆಸಿ ತೆಗೆದರೆ ಮುಗೀತು, ತಿರುಗಿಸೋ ಕೆಲಸ ಇಲ್ಲ.

ಇನ್ನು ತಿರುಪಿನ ಮೂಗುತಿ. ಒಂದು ಸಲ ಭೂತಗನ್ನಡಿ ಹಿಡಿದು ಅದರ ಕಡ್ಡಿ ನೋಡು. ಸ್ಕ್ರೂ ಮೊಳೆಯ ಮೇಲಿರೋ ಹಾಗೆ ಸಣ್ಣ ಸಣ್ಣ ಸುತ್ತು ಇರುತ್ತೆ. ಆ ಸುತ್ತುಗಳಿರೋ ಭಾಗ ಈಗ ಹಸಿ ಗಾಯದ ಒಳಗಿದೆ. ಅದನ್ನ ದಿನಕ್ಕೆರಡು ಸಲ ತಿರುಗಿಸೋದು ಅಂದ್ರೆ ಗಾಯದೊಳಗೆ ಅರ ಆಡಿಸಿದ ಹಾಗೆ. ಸುತ್ತಿನ ಸಂದಿಯಲ್ಲಿ ಅರಿಶಿನ, ಎಣ್ಣೆ, ಹಕ್ಕಳೆ ಎಲ್ಲ ಕೂತಿರುತ್ತೆ. ವಾಸಿಯಾದ ಮೂಗಿಗೆ ತಿರುಪಿನದು ಚೆಂದ, ಯಾವ ಅಡ್ಡಿಯೂ ಇಲ್ಲ. ಹೊಸ ತೂತಿಗೆ ಮಾತ್ರ ನಯವಾದ ಕಡ್ಡಿಯೇ ಬೇಕು.

ಹಿತ್ತಲ ಗಿಡ
ಅರಿಶಿನ, ಕೊಬ್ಬರಿ ಎಣ್ಣೆಯನ್ನು ಡೆಟಾಲ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮಲ್ಲಿ ತಲೆತಲಾಂತರದಿಂದ ಕಿವಿ ಮೂಗು ಚುಚ್ಚಿದ ಮೇಲೆ ಹಚ್ಚುತ್ತಿರುವುದೇ ಅದು. ಸುಶ್ರುತನೇ ಕಿವಿ ಚುಚ್ಚಿದ ಮೇಲೆ ಎಣ್ಣೆ ಹಾಕಲು ಹೇಳಿದ್ದಾನೆ.

ಡ್ರೆಸಿಂಗ್ ರೂಂ
ಹಿತ್ತಲ ಗಿಡ ಅವರೇ, ಸುಶ್ರುತ ಹೇಳಿದ್ದು ನಿಜ, ಆದರೆ ಪೂರ್ತಿ ನೋಡಿ. ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಕಿವಿಯ ಹಾಲೆ ಚುಚ್ಚಿ, ಎಣ್ಣೆ ಹನಿಸಿ, ಮೂರು ಮೂರು ದಿನಕ್ಕೆ ಇನ್ನೂ ದಪ್ಪದ ಬತ್ತಿ ಹಾಕಬೇಕು ಎನ್ನುತ್ತಾನೆ. ಅದು ಹಾಲೆಯ ತೂತನ್ನು ದೊಡ್ಡದು ಮಾಡುವ ಕ್ರಮ. ಬತ್ತಿ ಜಾರಲು ಎಣ್ಣೆ ಬೇಕೇ ಬೇಕು. ಇಲ್ಲಿ ಯಾರೂ ತೂತು ಹಿಗ್ಗಿಸುತ್ತಿಲ್ಲ, ಜಾಗವೂ ಕಿವಿಯ ಹಾಲೆಯಲ್ಲ.

ಅರಿಶಿನದಲ್ಲಿ ಒಳ್ಳೆಯ ಗುಣವಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಆದರೆ ಡಬ್ಬಿಯ ಅರಿಶಿನ ಕ್ರಿಮಿಮುಕ್ತವಲ್ಲ. ಅಡುಗೆಮನೆಯ ಚಮಚ ದಿನಕ್ಕೆ ಹತ್ತು ಸಲ ಹೋಗಿಬರುವ ಡಬ್ಬಿ ಅದು. ಬೆರಳಲ್ಲಿ ಉಜ್ಜಿ ನೋಡಿದರೆ ಸಣ್ಣ ಮರಳಿನಂತೆ ಕಾಳು ಸಿಗುತ್ತದೆ. ಆ ಕಾಳು ಒಂದು ಮಿಲಿಮೀಟರ್ ಅಗಲದ ತೂತಿನೊಳಗೆ ಸಿಕ್ಕಿಕೊಂಡರೆ ದೇಹಕ್ಕೆ ಅದು ಮುಳ್ಳೇ. ಎಣ್ಣೆ ಮೇಲೊಂದು ಪದರ ಕಟ್ಟಿ ಒಸರುವ ನೀರನ್ನು ಹೊರಗೆ ಬರಗೊಡುವುದಿಲ್ಲ, ಧೂಳನ್ನೂ ಹಿಡಿದಿಡುತ್ತದೆ. ಇನ್ನೊಂದು ತೊಂದರೆ ಇದೆ: ಅರಿಶಿನದ ಬಣ್ಣ ಬಳಿದರೆ ಚರ್ಮ ಕೆಂಪಾಗುತ್ತಿದೆಯೋ ಇಲ್ಲವೋ ಕಾಣುವುದೇ ಇಲ್ಲ. ಸೋಂಕು ಹರಡುವುದನ್ನು ಮೊದಲ ದಿನವೇ ಹಿಡಿಯಬೇಕಾದ ಕಣ್ಣಿಗೆ ಪರದೆ ಎಳೆದ ಹಾಗೆ.

ಮಲ್ಲಿಗೆ ದಂಡೆ ಅವರಿಗೆ: ಹಳದಿ ಹಕ್ಕಳೆ ಕೀವಲ್ಲ. ಗಾಯದಿಂದ ಒಸರುವ ತಿಳಿನೀರು ಒಣಗಿದರೆ ಬಿಳಿ ಅಥವಾ ತಿಳಿಹಳದಿ ಪುಡಿಯಾಗುತ್ತದೆ. ಅದು ವಾಸಿಯಾಗುತ್ತಿರುವ ಲಕ್ಷಣ. ಕೀವು ಎಂದರೆ ಮಂದ, ಹಸಿರು ಅಥವಾ ಗಾಢ ಹಳದಿ, ವಾಸನೆ, ಜೊತೆಗೆ ಬಿಸಿ, ತಟತಟ ಎನ್ನುವ ನೋವು, ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು. ಜ್ವರ ಬಂದರಂತೂ ಅದೇ ದಿನ ವೈದ್ಯರ ಹತ್ತಿರ ಹೋಗಿ.

ಬ್ಯಾಡಗಿ ಖಾರ
ಡೆಟಾಲ್ ಬಗ್ಗೆ ಯಾರೂ ಬಿಡಿಸಿ ಹೇಳವಲ್ರು. ಅದು ಯಾಕ ಬ್ಯಾಡ? ದವಾಖಾನ್ಯಾಗ ಗಾಯ ತೊಳಿಯಾಕ ಹಾಕ್ತಾರಲ್ರೀ.

ಡ್ರೆಸಿಂಗ್ ರೂಂ
ಒಳ್ಳೆಯ ಪ್ರಶ್ನೆ. ಮಣ್ಣು ಮೆತ್ತಿದ ಗಾಯವನ್ನು ಒಂದು ಸಲ ಶುಚಿ ಮಾಡುವುದು ಬೇರೆ, ಮೂರು ತಿಂಗಳು ದಿನವೂ ಹಚ್ಚುವುದು ಬೇರೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಬೆಟಾಡಿನ್, ಇವಕ್ಕೆ ಕ್ರಿಮಿ ಯಾವುದು, ಹೊಸದಾಗಿ ಹುಟ್ಟುವ ನಮ್ಮದೇ ಜೀವಕೋಶ ಯಾವುದು ಎಂಬ ಭೇದವಿಲ್ಲ. ಪೆರಾಕ್ಸೈಡ್ ಬುರುಬುರು ನೊರೆ ಬರುವುದನ್ನು ನೋಡಿ "ಕೊಳೆ ಹೋಗ್ತಿದೆ" ಎಂದುಕೊಳ್ಳುತ್ತಾರೆ. ಹಸಿ ಮಾಂಸ, ರಕ್ತ ಎಲ್ಲದರ ಮೇಲೂ ಅದು ನೊರೆ ಬರುತ್ತದೆ. ಚರ್ಮ ಒಣಗಿ ಬಿರಿಯುತ್ತದೆ, ಬಿರಿದಲ್ಲಿ ಮತ್ತೆ ಹೊಸ ಗಾಯ.

ಸೋಫ್ರಾಮೈಸಿನ್, ನಿಯೋಸ್ಪೋರಿನ್ ಥರದ ಮುಲಾಮೂ ಬೇಡ. ಸೋಂಕಿಲ್ಲದ ಕಡೆ ಆಂಟಿಬಯಾಟಿಕ್ ಹಚ್ಚಿ ಲಾಭವಿಲ್ಲ, ನಿಯೋಮೈಸಿನ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಆ ಅಲರ್ಜಿಯ ಕೆಂಪನ್ನೇ ಸೋಂಕು ಅಂದುಕೊಂಡು ಇನ್ನಷ್ಟು ಬಳಿಯುವವರಿದ್ದಾರೆ.

ಕರಾವಳಿ ಗಾಳಿ
ಹಾಗಾದ್ರೆ ಹಚ್ಚುದು ಎಂತದು ಮಾರಾಯ್ರೆ? ಬೇಡ ಬೇಡ ಅಂತಲೇ ಹೇಳ್ತಾ ಇದ್ದೀರಿ.

ಔಷಧಿ ಅಂಗಡಿ
ಉಪ್ಪುನೀರು. ಅಷ್ಟೇ. ಮೆಡಿಕಲ್ ಶಾಪಿನಲ್ಲಿ "ನಾರ್ಮಲ್ ಸಲೈನ್" ಅಂತ ಕೇಳಿ. ಲೇಬಲ್ ಮೇಲೆ ಸೋಡಿಯಂ ಕ್ಲೋರೈಡ್ 0.9% ಅಂತ ಮಾತ್ರ ಇರಬೇಕು. ಇಲ್ಲಿ ಆಗೋ ತಪ್ಪುಗಳು:

ಡಿಎನ್‌ಎಸ್ ಬಾಟಲಿ ತಗೋಬೇಡಿ, ಅದರಲ್ಲಿ 5% ಡೆಕ್ಸ್‌ಟ್ರೋಸ್ ಇರುತ್ತೆ, ಅಂದ್ರೆ ಸಕ್ಕರೆ. ಗಾಯಕ್ಕೆ ಸಕ್ಕರೆ ನೀರು ಹಾಕಿ ಕ್ರಿಮಿ ಸಾಕಿದ ಹಾಗಾಗುತ್ತೆ. ಮೂಗಿಗೆ ಹಾಕೋ ಸಲೈನ್ ಡ್ರಾಪ್ಸ್ 0.65% ಇರುತ್ತೆ, ಹಲವು ಕಂಪನಿಯದರಲ್ಲಿ ಕೆಡದಿರೋಕೆ ಪ್ರಿಸರ್ವೇಟಿವ್ ಸೇರಿಸಿರ್ತಾರೆ, ಅದೂ ಬೇಡ. ಕಾಂಟ್ಯಾಕ್ಟ್ ಲೆನ್ಸ್ ತೊಳೆಯೋ ದ್ರಾವಣ ಬೇರೆಯೇ ವಸ್ತು, ಅದರಲ್ಲಿ ಕ್ರಿಮಿನಾಶಕ ಇದೆ.

500 ಮಿ.ಲೀ. ಬಾಟಲಿ ಅಗ್ಗ ಅಂತ ತಂದು ತಿಂಗಳಿಡೀ ಬಳಸಬೇಡಿ. ಅದರಲ್ಲಿ ಕೆಡದಂತೆ ತಡೆಯೋದು ಏನೂ ಇಲ್ಲ, ತೆರೆದ ಮೇಲೆ 24 ಗಂಟೆಯೊಳಗೆ ಮುಗಿಸಬೇಕು ಇಲ್ಲ ಚೆಲ್ಲಬೇಕು. 10 ಮಿ.ಲೀ. ಪ್ಲಾಸ್ಟಿಕ್ ಆಂಪ್ಯೂಲ್ ಸಿಗುತ್ತೆ, ಕುತ್ತಿಗೆ ತಿರುಚಿದರೆ ತೆರೆದುಕೊಳ್ಳುತ್ತೆ. ಒಂದು ಹೊತ್ತಿಗೆ ಒಂದು. ಜೊತೆಗೆ ಸ್ಟೆರೈಲ್ ಗಾಜ್, ಅಂದ್ರೆ ಗಾಯಕ್ಕೆ ಇಡೋ ಕ್ರಿಮಿಮುಕ್ತ ಜಾಳು ಬಟ್ಟೆ ತಗೊಳ್ಳಿ, ಹತ್ತಿ ಬೇಡ. ಹತ್ತಿಯ ಎಳೆ ಮೂಗುತಿಯ ಬುಡಕ್ಕೆ ಸುತ್ತಿಕೊಂಡರೆ ಬಿಡಿಸೋದೇ ಒಂದು ಕಷ್ಟ.

ಹಿತ್ತಲ ಗಿಡ
ಮನೆಯಲ್ಲೇ ಉಪ್ಪು ಕಲಸಿದರಾಗದೇ? ಹಳ್ಳಿಯಲ್ಲಿ ಆಂಪ್ಯೂಲ್ ಎಲ್ಲಿಂದ ತರುವುದು?

ಔಷಧಿ ಅಂಗಡಿ
ಸಿಗದ ಕಡೆ ಮಾಡಬಹುದು, ಅಳತೆ ತಪ್ಪಬಾರದು ಅಷ್ಟೇ. 0.9% ಅಂದ್ರೆ ಒಂದು ಲೀಟರಿಗೆ 9 ಗ್ರಾಂ. ಕಾಲು ಟೀ ಚಮಚ ಮಟ್ಟಸ ಉಪ್ಪು ಸುಮಾರು ಒಂದೂವರೆ ಗ್ರಾಂ, ಅದಕ್ಕೆ ಸುಮಾರು 165 ಮಿ.ಲೀ. ನೀರು, ಅಂದ್ರೆ ಸಣ್ಣ ಲೋಟದಷ್ಟು. ನೀರು ಕುದಿ ಬಂದ ಮೇಲೆ ಐದು ನಿಮಿಷ ಕುದಿಸಿ ಆರಿಸಿ. ಅಯೋಡಿನ್ ಇಲ್ಲದ ಉಪ್ಪಾದರೆ ಒಳ್ಳೇದು. ಕಲ್ಲುಪ್ಪಿನಲ್ಲಿ ಮಣ್ಣು ಇರುತ್ತೆ, ಕರಗಿಸಿದ ಮೇಲೆ ಲೋಟದ ತಳ ನೋಡಿ ಗೊತ್ತಾಗುತ್ತೆ. ಮಾಡಿದ ದಿನವೇ ಮುಗಿಸಿ.

ಜನ ಮಾಡೋ ತಪ್ಪು ಏನಂದ್ರೆ "ಉಪ್ಪು ಒಳ್ಳೇದಲ್ವಾ" ಅಂತ ಒಂದು ಚಮಚ ಸುರೀತಾರೆ. ಅದು ಮೂರೂವರೆ ಪರ್ಸೆಂಟ್ ದಾಟಿಬಿಡುತ್ತೆ. ಉಪ್ಪಿನಕಾಯಿ ಹೋಳು ನೀರು ಬಿಡೋ ಹಾಗೆ ಗಾಯದ ಸುತ್ತಲಿನ ಚರ್ಮದಿಂದ ನೀರು ಎಳೆದು ಒಣಗಿಸುತ್ತೆ. ಚುರುಚುರು ಅಂದ್ರೆ ಉಪ್ಪು ಜಾಸ್ತಿ ಅಂತಲೇ ಅರ್ಥ.

ಡ್ರೆಸಿಂಗ್ ರೂಂ
ಹಚ್ಚುವ ಕ್ರಮ ಹೇಳಿಬಿಡುತ್ತೇನೆ. ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಯಿರಿ, ಉಗುರ ಸಂದಿ ಸೇರಿ. ಗಾಜ್ ತುಂಡನ್ನು ಎರಡು ಬೆರಳಗಲಕ್ಕೆ ಮಡಚಿ ಸಲೈನಿನಲ್ಲಿ ತೊಟ್ಟಿಕ್ಕುವಷ್ಟು ನೆನೆಸಿ, ಮೂಗುತಿಯ ಮೇಲೆ ಎರಡು ಮೂರು ನಿಮಿಷ ಸುಮ್ಮನೆ ಇಟ್ಟುಕೊಳ್ಳಿ. ಒತ್ತಬೇಡಿ, ಉಜ್ಜಬೇಡಿ. ಹಕ್ಕಳೆ ನೆನೆದು ಮೆತ್ತಗಾಗಿ ಗಾಜ್ ಬಟ್ಟೆಗೇ ಬರುತ್ತದೆ. ಬಾರದ್ದನ್ನು ಹಾಗೇ ಬಿಡಿ, ಸಂಜೆ ಬರುತ್ತದೆ. ಉಗುರಲ್ಲಿ ಕೀಳಬೇಡಿ. ಮೂಗಿನ ಒಳಬದಿಗೆ ಆಂಪ್ಯೂಲನ್ನೇ ಹಿಂಡಿ ನೀರು ಹಾಯಿಸಿ, ಬಡ್ಸ್ ಹಾಕಿ ತಿರುವಬೇಡಿ. ಕೊನೆಗೆ ಟಿಶ್ಯೂ ತುದಿಯಿಂದ ತೇವ ಹೀರಿಸಿ, ಟರ್ಕಿ ಟವೆಲಿನಿಂದ ಬೇಡವೇ ಬೇಡ. ಅದರ ಕುಣಿಕೆಗೆ ಮೂಗುತಿ ಸಿಕ್ಕಿ ಎಳೆದುಬರುವುದು ಬಹಳ ಸಾಮಾನ್ಯ.

ದಿನಕ್ಕೆ ಎರಡು ಸಲ. ಐದಾರು ಸಲ ಮಾಡಿದರೆ ಬೇಗ ವಾಸಿಯಾಗುವುದಿಲ್ಲ. ಸದಾ ನೆನೆದ ಚರ್ಮ ಮೆತ್ತಗಾಗಿ ಗುಳ್ಳೆಗೆ ದಾರಿಯಾಗುತ್ತದೆ.

ಒಂದೇ ಸಾಲು
ಸೀಗೆಪುಡಿ, ಕಡಲೆಹಿಟ್ಟು ಮುಖಕ್ಕೆ ಹಾಕೋರು ಮೂರು ತಿಂಗಳು ಆ ಕಡೆ ಕೆನ್ನೆ ಬಿಟ್ಟುಬಿಡಿ.

ಬ್ಯಾಡಗಿ ಖಾರ
ಪೌಡರ್, ಕ್ರೀಮೂ ಅಷ್ಟ. ಮೂಗುತಿ ಬುಡದಾಗ ಬಿಳಿ ಕೆಸರು ಕುಂತಿದ್ದು ನೋಡೀರೇನು? ಅದು ಫೇರ್‌ನೆಸ್ ಕ್ರೀಮು, ಪೌಡರು, ಬೆವರು ಎಲ್ಲಾ ಕೂಡಿದ್ದು. ಆಮ್ಯಾಲೆ ತಲಿದಿಂಬಿನ ಗವುಸು ಎರಡು ದಿನಕ್ಕೊಮ್ಮೆ ಬದಲಿ ಮಾಡ್ರಿ, ತಲಿಗೆ ಹಚ್ಚಿದ ಎಣ್ಣಿ ಎಲ್ಲಾ ಅದಕ್ಕ ಹತ್ತಿರ್ತದ. ರಾತ್ರಿ ಅದ ಮೂಗಿಗೆ ಹತ್ತತದ.

ಚಿನಿವಾರ ಓಣಿ
ಎಲ್ಲರೂ ತಿರುಪನ್ನು ದೂರುತ್ತಿದ್ದೀರಿ, ಚಿನ್ನದ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಹಳೆಯ ಪದ್ಧತಿಯಲ್ಲಿ ಮೊದಲು ತಿರುಪಿನ ಮೂಗುತಿ ಹಾಕುತ್ತಿರಲಿಲ್ಲ. ಚಿನ್ನದ ತಂತಿಯ ತುದಿಯನ್ನು ಅರದಿಂದ ಚೂಪು ಮಾಡಿ ಅದರಲ್ಲೇ ಚುಚ್ಚಿ ಬಾಗಿಸುತ್ತಿದ್ದೆವು. ನಯವಾದ ತಂತಿ, ಬೆಸುಗೆ ಇಲ್ಲ, ಸುತ್ತು ಇಲ್ಲ. ತೂತು ವಾಸಿಯಾದ ಮೇಲಷ್ಟೇ ಕಲ್ಲಿನ ಮೂಗುತಿ. ಈಗ ಮೊದಲ ದಿನವೇ ಫೋಟೋಗೆ ಕಲ್ಲು ಬೇಕು ಅನ್ನುತ್ತಾರೆ, ಅದಕ್ಕೇ ತೊಂದರೆ.

22 ಕ್ಯಾರೆಟ್ ಅಂದರೆ 91.6 ಭಾಗ ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಚರ್ಮಕ್ಕೆ ತೊಂದರೆ ಕಡಿಮೆ. ಆದರೆ ಮೆದು. ಗೀರು ಬೀಳುತ್ತದೆ, ಆ ಗೀರಿನಲ್ಲಿ ಕೊಳೆ ನಿಲ್ಲುತ್ತದೆ. ಕಲ್ಲಿನ ಹಿಂಬದಿ ತೆರೆದ ಕಟ್ಟಡವಾದರೆ, ಅಂದರೆ ಹಿಂದಿನಿಂದ ಕಲ್ಲು ಕಾಣುವ ಹಾಗಿದ್ದರೆ, ಆ ಗುಂಡಿಯಲ್ಲೂ ಕೊಳೆ. ಹೊಸ ಮೂಗಿಗೆ ಹಿಂದೆ ಮುಚ್ಚಿದ, ಚಪ್ಪಟೆ ಮಾಡಿದ ಕಟ್ಟಡ ಮಾಡಿಸಿ.

ಇನ್ನೊಂದು ಮಾತು, ಇದು ಬಹಳ ಜನರಿಗೆ ಗೊತ್ತಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮೂಗುತಿ ಹೆಚ್ಚಾಗಿ ಅದಕ್ಕಿಂತ ಹಗುರವೇ. ಹಾಗಾಗಿ "22 ಕ್ಯಾರೆಟ್" ಅನ್ನುವುದು ಅಂಗಡಿಯವರ ಬಾಯಿಮಾತು ಆಗಿರಬಹುದು. ಬಿಲ್ಲಿನಲ್ಲಿ ಕ್ಯಾರೆಟ್ ಬರೆಸಿಕೊಳ್ಳಿ. ಬಿಳಿ ಚಿನ್ನ ಅಂದರೆ ನಿಕ್ಕಲ್ ಇದೆಯಾ, ಪಲ್ಲಾಡಿಯಂ ಇದೆಯಾ ಅಂತ ಕೇಳಿ. ಒಂದು ಗ್ರಾಂ ಗೋಲ್ಡ್ ಅನ್ನುವ ಲೇಪದ ಮೂಗುತಿಯನ್ನು ಹಸಿ ಗಾಯಕ್ಕೆ ಹಾಕಲೇಬೇಡಿ. ಲೇಪ ಸವೆದ ಮೇಲೆ ಒಳಗಿನ ಹಿತ್ತಾಳೆ, ನಿಕ್ಕಲ್ ಗಾಯಕ್ಕೆ ತಾಗುತ್ತದೆ.

ರೈನ್ ದಂಡೆಯಿಂದ
ಚಿನಿವಾರ ಓಣಿಯವರು ನಿಕ್ಕಲ್ ವಿಷಯ ತೆಗೆದದ್ದು ಒಳ್ಳೆಯದಾಯಿತು. ಇಲ್ಲಿ ಯುರೋಪ್ ಒಕ್ಕೂಟದಲ್ಲಿ ಅದಕ್ಕೆ ಕಾನೂನೇ ಇದೆ. ಚುಚ್ಚಿದ ತೂತಿನೊಳಗೆ ಹೋಗುವ ಕಡ್ಡಿ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡಬಾರದು. ಚರ್ಮಕ್ಕೆ ತಾಗುವ ಬೇರೆ ವಸ್ತುಗಳಿಗೆ 0.5. ಅಂದರೆ ತೂತಿನ ಒಳಗಿನದಕ್ಕೆ ಎರಡೂವರೆ ಪಟ್ಟು ಬಿಗಿ. ಊರಿಂದ ತಂದ ಫ್ಯಾನ್ಸಿ ಓಲೆ ಪರೀಕ್ಷಿಸಬೇಕೆಂದರೆ ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣ ಸಿಗುತ್ತದೆ. ಬಡ್ಸಿಗೆ ಎರಡು ಹನಿ ಹಾಕಿ ಓಲೆಗೆ ಉಜ್ಜಿ, ಬಡ್ಸ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಬಿಡುತ್ತಿದೆ ಎಂದೇ ಲೆಕ್ಕ.

ಕರಾವಳಿ ಗಾಳಿ
ಸರ್ಜಿಕಲ್ ಸ್ಟೀಲ್ ಅಂತ ಬರೆದದ್ದು ಹಾಕಬಹುದಲ್ಲ?

ಸೂಜಿಮೊನೆ
"ಸರ್ಜಿಕಲ್ ಸ್ಟೀಲ್" ಅನ್ನೋದು ಅಂಗಡಿ ಭಾಷೆ. 316ಎಲ್ ಸ್ಟೀಲಲ್ಲೂ 10ರಿಂದ 14% ನಿಕ್ಕಲ್ ಇರುತ್ತೆ, ಆದರೆ ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತೆ, ಹೊರಗೆ ಬಿಡೋದು ಕಡಿಮೆ. ಹೆಚ್ಚಿನವರಿಗೆ ಒಗ್ಗುತ್ತೆ. ಈಗಾಗಲೇ ಫ್ಯಾನ್ಸಿ ಓಲೆ, ವಾಚಿನ ಬಕಲ್, ಜೀನ್ಸ್ ಗುಂಡಿಗೆ ಕೆರೆತ ಬರೋರು ಅದರ ಗೊಡವೆಗೆ ಹೋಗಬಾರದು. ಅವರಿಗೆ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ, ಎಎಸ್‌ಟಿಎಂ ಎಫ್136 ಅಂತ ಬರೆದದ್ದು. ದೇಹದೊಳಗೆ ಕೂರಿಸೋ ಲೋಹದ ದರ್ಜೆ ಅದು. ಬೆಂಗಳೂರಿನಲ್ಲಿ ಮೂಗು ಕಿವಿ ಚುಚ್ಚೋ ಒಳ್ಳೆ ಸ್ಟುಡಿಯೋಗಳಲ್ಲಿ ಸಿಗುತ್ತೆ, ಕೇಳಿ ತಗೋಬೇಕು.

ಉದ್ದದ ಮಾತೂ ಇದೆ. ಚುಚ್ಚಿದ ಮೊದಲ ವಾರ ಮೂಗು ಊದಿಕೊಳ್ಳುತ್ತೆ, ಅದಕ್ಕೆ ಜಾಗ ಬೇಕು ಅಂತ 8 ಮಿ.ಮೀ. ಕಡ್ಡಿ ಹಾಕ್ತಾರೆ. ಊತ ಇಳಿದ ಮೇಲೆ ಅದೇ ಉದ್ದದ ಕಡ್ಡಿ ಒಳಗೂ ಹೊರಗೂ ಓಲಾಡುತ್ತೆ, ಬಟ್ಟೆಗೆ ಸಿಗುತ್ತೆ, ಮಲಗಿದಾಗ ಓರೆಯಾಗಿ ಒತ್ತುತ್ತೆ. ಐದನೇ ಆರನೇ ವಾರದ ಗುಳ್ಳೆಗೆ ಇದೂ ದೊಡ್ಡ ಕಾರಣ. ನಾಲ್ಕರಿಂದ ಎಂಟು ವಾರದೊಳಗೆ 6 ಮಿ.ಮೀ.ಗೆ ಇಳಿಸಬೇಕು. ತದ್ವಿರುದ್ಧದ ತಪ್ಪೂ ಇದೆ. ಮೊದಲ ದಿನವೇ ತಿರುಪನ್ನ ಚರ್ಮಕ್ಕೆ ಒತ್ತಿ ಬಿಗಿ ಮಾಡಿದರೆ, ಊತ ಬಂದಾಗ ತಿರುಪು ಮಾಂಸದೊಳಗೆ ಹೂತುಹೋಗುತ್ತೆ. ಕಿವಿಯಲ್ಲಿ ಇದು ಬಹಳ. ಹಿಂದೆ ಓಲೆಯ ತಿರುಪು ಕಾಣಿಸ್ತಿಲ್ಲ, ಬಿದ್ದುಹೋಗಿದೆ ಅಂದುಕೊಳ್ತಾರೆ, ಹಾಲೆ ಒತ್ತಿ ನೋಡಿದರೆ ಒಳಗೇ ಇರುತ್ತೆ.

ಮಲ್ಲಿಗೆ ದಂಡೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭೂತಗನ್ನಡಿ ಹಿಡಿದು ನೋಡಿದೆ. ಸೂಜಿಮೊನೆ ಅವರು ಹೇಳಿದ ಹಾಗೇ ಕಡ್ಡಿ ತುಂಬಾ ಸುತ್ತು ಇದೆ, ಸಂದಿಯಲ್ಲಿ ಹಳದಿ ಕೂತಿದೆ. ಗುಳ್ಳೆ ಕೆಲಾಯ್ಡ್ ಆಗಿರಬಹುದಾ? ಅಮ್ಮನ ಕಡೆ ಒಬ್ಬರಿಗೆ ಕಿವಿಯಲ್ಲಿ ಕೆಲಾಯ್ಡ್ ಇದೆ. ಬೆಟ್ನೋವೇಟ್ ಹಚ್ಚು ಅಂತಾನೂ ಹೇಳ್ತಿದ್ದಾರೆ.

ಡ್ರೆಸಿಂಗ್ ರೂಂ
ಬೆಟ್ನೋವೇಟ್ ಸ್ಟೀರಾಯ್ಡ್. ವೈದ್ಯರು ಬರೆದುಕೊಡದೆ ಮುಖಕ್ಕೆ ಹಚ್ಚಬೇಡಿ, ಚರ್ಮ ತೆಳುವಾಗುತ್ತದೆ, ಸೋಂಕಿದ್ದರೆ ಅಡಗಿಕೊಂಡು ಬೆಳೆಯುತ್ತದೆ.

ಗುಳ್ಳೆಯ ಜಾತಿ ಹೀಗೆ ಬೇರ್ಪಡಿಸಿ. ತೂತಿನ ಬುಡಕ್ಕೇ ಅಂಟಿ, ಕೆಲವೇ ವಾರದಲ್ಲಿ ಎದ್ದು, ಒಂದು ದಿನ ದೊಡ್ಡದು ಒಂದು ದಿನ ಚಿಕ್ಕದಾಗುವ ಕೆಂಪು ಗುಳ್ಳೆ: ಕೆರಳಿಕೆಯ ಗುಳ್ಳೆ. ನಿಮ್ಮದು ಅದೇ ಇರುವಂತಿದೆ. ಮುಟ್ಟಿದರೆ ಸಾಕು ರಕ್ತ ಸೋರುವ, ಹಣ್ಣಾದ ಚೆರ್ರಿಯಂತೆ ಹೊಳೆಯುವ ಗಡ್ಡೆ: ಗ್ರಾನ್ಯುಲೋಮ, ಚರ್ಮವೈದ್ಯರಿಗೆ ತೋರಿಸಿ. ಕೆಲಾಯ್ಡ್ ಸಾಮಾನ್ಯವಾಗಿ ತಿಂಗಳುಗಳ ಮೇಲೆ ಏಳುತ್ತದೆ. ಗಟ್ಟಿ, ರಬ್ಬರಿನಂತೆ, ಕೆರೆತ. ಮುಖ್ಯವಾಗಿ ಗಾಯದ ಗಡಿ ದಾಟಿ ಬೆಳೆಯುತ್ತದೆ, ತಾನಾಗಿ ಇಳಿಯುವುದಿಲ್ಲ. ಕೆಲಾಯ್ಡ್ ಮನೆತನದಲ್ಲಿ ಹರಿದುಬರುವುದರಿಂದ ನಿಮ್ಮ ಆತಂಕ ಸರಿಯಾದದ್ದೇ, ಕಣ್ಣಿಟ್ಟಿರಿ. ಗಡಿ ದಾಟಿತು ಅನ್ನಿಸಿದರೆ ತಡಮಾಡಬೇಡಿ, ಚಿಕ್ಕದಿದ್ದಾಗ ಟ್ರಯಾಮ್ಸಿನೊಲೋನ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಸುಮ್ಮನೆ ಕತ್ತರಿಸಿ ತೆಗೆಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳಿ ಬರುವುದು ಹೆಚ್ಚು.

ಯಾವ ಜಾತಿಯದೇ ಆಗಲಿ ಹಿಸುಕಬೇಡಿ. ಮೂಗಿನ ಸುತ್ತಲಿನ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಜೊತೆ ಸಂಪರ್ಕವಿದೆ. ಅಪರೂಪವಾದರೂ ಅಲ್ಲಿನ ಸೋಂಕು ಒಳಗೆ ಹೋದರೆ ಪ್ರಾಣಕ್ಕೇ ಬರುತ್ತದೆ.

ಬ್ಯಾಡಗಿ ಖಾರ
ಸೋಂಕಾದ್ರ ಬಿಚ್ಚಬೇಕೋ ಬ್ಯಾಡೋ, ಅದನ್ನ ಹೇಳ್ರಿ. ಮೂಲ ಪ್ರಶ್ನಿ ಅದ ಐತಿ.

ಡ್ರೆಸಿಂಗ್ ರೂಂ
ಸ್ವಂತ ನಿರ್ಧಾರದಿಂದ ಬಿಚ್ಚಬೇಡಿ. ಮೂಗುತಿ ಇದ್ದಷ್ಟು ದಿನ ತೂತು ತೆರೆದಿರುತ್ತದೆ, ಕೀವು ಹೊರಬರಲು ದಾರಿ ಇರುತ್ತದೆ. ಬಿಚ್ಚಿದರೆ ಮೇಲಿನ ಚರ್ಮ ಬೇಗ ಮುಚ್ಚಿಕೊಂಡು ಕೀವು ಒಳಗೇ ಗಂಟಾಗುತ್ತದೆ. ವೈದ್ಯರು ನೋಡಿ ತೆಗೆಯಲು ಹೇಳಿದರೆ ತೆಗೆಯಿರಿ. ಕಿವಿಯ ಮೇಲ್ಭಾಗ, ಬುಗುಡಿ ಹಾಕುವ ಜಾಗ ಮಾತ್ರ ಬೇರೆ ಲೆಕ್ಕ. ಅಲ್ಲಿ ಮೃದ್ವಸ್ಥಿಗೆ ರಕ್ತ ಸಂಚಾರ ಕಡಿಮೆ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹಿಡಿದರೆ ಕೆಲವೇ ದಿನದಲ್ಲಿ ಮೃದ್ವಸ್ಥಿ ಕರಗಿ ಕಿವಿ ಮುದುಡಿಹೋಗುತ್ತದೆ. ಹಾಲೆ ಬಿಟ್ಟು ಮೇಲಿನ ಕಿವಿ ಮಾತ್ರ ಕೆಂಪಾಗಿ ಊದಿ, ಮುಟ್ಟಲಾರದಷ್ಟು ನೋವಿದ್ದರೆ ಮರುದಿನಕ್ಕೂ ಕಾಯಬೇಡಿ.

2000ದಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಇದೇ ಆಗಿತ್ತು. ಒಂದೇ ಕಡೆ ಕಿವಿಯ ಮೇಲ್ಭಾಗ ಚುಚ್ಚಿಸಿದ ಹಲವರಿಗೆ ಇದೇ ಸೋಂಕು ಬಂತು. ಹುಡುಕಿದಾಗ ಕ್ರಿಮಿ ಸಿಕ್ಕಿದ್ದು ಚುಚ್ಚುವ ಮೊದಲು ಸಿಂಪಡಿಸುತ್ತಿದ್ದ ಕ್ರಿಮಿನಾಶಕದ ಬಾಟಲಿಯಲ್ಲೇ. ತೆರೆದ ಬಾಟಲಿಯ ಬಗ್ಗೆ ಔಷಧಿ ಅಂಗಡಿಯವರು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಿತ್ತಲ ಗಿಡ
ಬಾಟಲಿಯ ಮಾತು ಒಪ್ಪಿದೆ, ಅರಿಶಿನದ ಕಾಳಿನ ಮಾತೂ ಒಪ್ಪಿದೆ. ಬೇವಿನ ಕಡ್ಡಿ ಹೇಗೆ? ಓಲೆ ಬಿಚ್ಚಿದಾಗ ತೂತು ಮುಚ್ಚದಿರಲಿ ಎಂದು ಹಾಕುತ್ತಾರಲ್ಲ.

ಸೂಜಿಮೊನೆ
ಬೇವಿನ ಕಡ್ಡಿಯಾಗಲಿ, ಪೊರಕೆ ಕಡ್ಡಿಯಾಗಲಿ, ಪೂರ್ತಿ ವಾಸಿಯಾಗದ ತೂತಿಗೆ ಬೇಡ ಅಣ್ಣ. ಮುರಿದು ನೋಡಿ, ತುದಿಯಲ್ಲಿ ನಾರು ಎದ್ದಿರುತ್ತೆ. ಆ ನಾರು ಒಳಗೆ ಉಳಿದರೆ ಗಂಟಾಗುತ್ತೆ. ಕಸ ಗುಡಿಸಿದ ಪೊರಕೆಯಿಂದ ಮುರಿದ ಕಡ್ಡಿಯಲ್ಲಿ ನೆಲದ ಮಣ್ಣಿರುತ್ತೆ, ಧನುರ್ವಾಯು ಬರೋದೇ ಮಣ್ಣಿನಿಂದ.

ಔಷಧಿ ಅಂಗಡಿ
ಅಂದಹಾಗೆ ಧನುರ್ವಾಯು ತಡೆಯೋ ಟಿಟಿ ಇಂಜೆಕ್ಷನ್. ಈಗ ಅದರ ಜಾಗದಲ್ಲಿ ಗಂಟಲಮಾರಿಯನ್ನೂ ತಡೆಯೋ ಟಿಡಿ ಕೊಡ್ತಾರೆ. ಕೊನೆಯ ಇಂಜೆಕ್ಷನ್ ಆಗಿ ಹತ್ತು ವರ್ಷ ದಾಟಿದ್ದರೆ ಚುಚ್ಚಿಸೋಕೆ ಮೊದಲೇ ಹಾಕಿಸ್ಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ನೋಡ್ಕೊಳ್ಳಿ, ಆ ವೈರಸ್ ದೇಹದ ಹೊರಗೆ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಬದುಕಿರುತ್ತೆ. ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರಿಯಬೇಕು.

ಕರಾವಳಿ ಗಾಳಿ
ಗನ್ನಲ್ಲಿ ಹೊಡೆಸುದು ಬೇಗ ಆಗ್ತದಲ್ಲ, ನೋವೂ ಕಡಿಮೆ ಅಂತಾರೆ.

ಸೂಜಿಮೊನೆ
ಮೂಗಿಗೆ, ಮೇಲ್ಕಿವಿಗೆ ಗನ್ ಬೇಡವೇ ಬೇಡ. ಟೊಳ್ಳು ಸೂಜಿ ಚರ್ಮವನ್ನ ಕತ್ತರಿಸಿ ಜಾಗ ಮಾಡುತ್ತೆ. ಗನ್ ಮೊಂಡು ಕಡ್ಡಿಯನ್ನ ಸ್ಪ್ರಿಂಗ್ ಬಲದಿಂದ ನುಗ್ಗಿಸುತ್ತೆ, ಸುತ್ತಲಿನ ಮಾಂಸ ಜಜ್ಜಿಹೋಗುತ್ತೆ, ಮೃದ್ವಸ್ಥಿ ಸೀಳಲೂಬಹುದು. ಪ್ಲಾಸ್ಟಿಕ್ ಮೈಯ ಗನ್ನನ್ನ ಆಟೋಕ್ಲೇವಿನಲ್ಲಿ, ಅಂದ್ರೆ 121 ಡಿಗ್ರಿ ಹಬೆಯಲ್ಲಿ ಒತ್ತಡಕ್ಕಿಟ್ಟು ಶುದ್ಧ ಮಾಡೋಕೂ ಆಗಲ್ಲ, ಕರಗಿಹೋಗುತ್ತೆ. ಸ್ಪಿರಿಟ್ಟಲ್ಲಿ ಒರೆಸಿ ಮುಂದಿನವರಿಗೆ ಹಿಡೀತಾರೆ.

ಪಿಯು ಎರಡನೇ ವರ್ಷ
ನೀಟ್ ಬರೆಯೋರು ಮೂಗು ಚುಚ್ಚಿಸಿದರೆ ಏನು ಗತಿ? ಮೂಗುತಿ ಬಿಚ್ಚಿಸ್ತಾರಲ್ಲ.

ಒಂದೇ ಸಾಲು
ಪರೀಕ್ಷೆ ಮುಗಿದ ಮರುದಿನ ಚುಚ್ಚಿಸಿ.

ಸೂಜಿಮೊನೆ
ಅದೇ ಸರಿ. ಮೂಗಿನ ತೂತು ಪೂರ್ತಿ ವಾಸಿಯಾಗೋಕೆ ನಾಲ್ಕರಿಂದ ಆರು ತಿಂಗಳು ಬೇಕು. ಕಿವಿ ಹಾಲೆಗೆ ಆರರಿಂದ ಎಂಟು ವಾರ, ಮೇಲ್ಕಿವಿ, ಹೊಕ್ಕುಳಿಗೆ ಆರು ತಿಂಗಳಿಂದ ಒಂದು ವರ್ಷ. ಹೊರಗಿನಿಂದ ಎರಡೇ ತಿಂಗಳಿಗೆ ವಾಸಿಯಾದ ಹಾಗೆ ಕಾಣುತ್ತೆ, ಒಳಗೆ ಇನ್ನೂ ಹಸಿ. ಆಗ ಕೆಲವು ಗಂಟೆಯ ಪರೀಕ್ಷೆಗೆ ಬಿಚ್ಚಿಟ್ಟರೆ ಸಂಜೆ ಕಡ್ಡಿ ಒಳಗೆ ಹೋಗಲ್ಲ, ಬಲವಂತ ಮಾಡಿದರೆ ಬೇರೆ ದಾರಿ ಕೊರೆದ ಹಾಗಾಗುತ್ತೆ. ಮೇ ತಿಂಗಳ ಪರೀಕ್ಷೆಗೆ ಓದ್ತಿರೋರು ಹಿಂದಿನ ಅಕ್ಟೋಬರ್ ಒಳಗೆ ಚುಚ್ಚಿಸಿರಬೇಕು, ಇಲ್ಲವಾದರೆ ಪರೀಕ್ಷೆ ಆದ ಮೇಲೆ.

ಬ್ಯಾಡಗಿ ಖಾರ
ಕೆಇಎ ನೇಮಕಾತಿ ಪರೀಕ್ಷಾದಾಗೂ ಅಷ್ಟರೀ. 2023ರಾಗ ವಸ್ತ್ರಸಂಹಿತೆ ತಂದಾಗ ತಾಳಿ, ಕಾಲುಂಗುರಕ್ಕ ಬಿಟ್ಟಾರ, ಮೂಗುತಿಗಲ್ಲ.

ಚಿನಿವಾರ ಓಣಿ
ರಕ್ತದಾನ ಮಾಡುವವರೂ ನೆನಪಿಡಿ, ಚುಚ್ಚಿಸಿದ ಮೇಲೆ 12 ತಿಂಗಳು ತೆಗೆದುಕೊಳ್ಳುವುದಿಲ್ಲ.

ಮಲ್ಲಿಗೆ ದಂಡೆ
ಡೆಟಾಲ್, ಅರಿಶಿನ, ತಿರುಗಿಸೋದು ಮೂರೂ ಇವತ್ತಿಂದ ಬಂದ್. ಸಲೈನ್ ಆಂಪ್ಯೂಲ್ ತಂದಿದ್ದೀನಿ. ಮೂಗುತಿ ಬದಲಾಯಿಸೋದು ಹೇಗೆ? ಮನೆಯಲ್ಲೇ ಮಾಡಬಹುದಾ?

ಸೂಜಿಮೊನೆ
ಮನೆಯಲ್ಲಿ ಬೇಡ ತಂಗಿ. ಐದು ವಾರದ ತೂತು ನಿಮಿಷಗಳಲ್ಲಿ ಕುಗ್ಗಿಬಿಡುತ್ತೆ. ಚುಚ್ಚೋದು ಬಲ್ಲವರ ಹತ್ತಿರ ಹೋಗು. ಅವರು ಟೇಪರ್ ಅಂತ ಒಂದು ನಯವಾದ ಸಲಾಕೆ ಇಟ್ಟಿರ್ತಾರೆ. ಹಳೇ ಕಡ್ಡಿ ಹಿಂದೆ ಸರೀತಿದ್ದ ಹಾಗೆ ಟೇಪರ್ ಅದರ ಜಾಗಕ್ಕೆ ಬರುತ್ತೆ, ಅದರ ಹಿಂದೆಯೇ ಹೊಸ ಕಡ್ಡಿ. ತೂತು ಒಂದು ಕ್ಷಣವೂ ಖಾಲಿ ಇರಲ್ಲ. ಹೋಗೋ ಮೊದಲು ಹತ್ತು ನಿಮಿಷ ಸಲೈನ್ ಗಾಜ್ ಇಟ್ಟು ಹಕ್ಕಳೆ ಪೂರ್ತಿ ನೆನೆಸಿಕೋ. ಸುತ್ತುಗಳಲ್ಲಿ ಒಣ ಹಕ್ಕಳೆ ಇದ್ದ ಹಾಗೇ ಎಳೆದರೆ ಒಳಗೆಲ್ಲ ಗೀರುತ್ತೆ. ಟೈಟಾನಿಯಂದು, ಹಿಂದೆ ಚಪ್ಪಟೆ ತಟ್ಟೆ ಇರೋದು ಕೇಳು. ದಪ್ಪ ಈಗಿರೋದಕ್ಕೆ ಸಮ ಇರಬೇಕು, 18 ಗೇಜ್ ಅಂದ್ರೆ ಒಂದು ಮಿ.ಮೀ., 20 ಗೇಜ್ ಅಂದ್ರೆ 0.8. ಅಳೆಯದೆ ಕೊಡೋರ ಹತ್ತಿರ ತಗೋಬೇಡ. ಬದಲಾಯಿಸಿದ ಮೇಲೆ ಎರಡು ದಿನ ಸ್ವಲ್ಪ ಊತ, ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಗುಳ್ಳೆ ಎರಡು ಮೂರು ವಾರದಲ್ಲಿ ಇಳಿಯೋಕೆ ಶುರುವಾಗಬೇಕು. ಆರು ವಾರ ಆದರೂ ಹಾಗೇ ಇದ್ದರೆ ಚರ್ಮವೈದ್ಯರಿಗೆ ತೋರಿಸು.

ಚಿನಿವಾರ ಓಣಿ
ಬಿಚ್ಚಿದ ಚಿನ್ನದ ಮೂಗುತಿಯನ್ನು ಎಸೆಯಬೇಡಮ್ಮ, ಆರು ತಿಂಗಳ ಮೇಲೆ ಅದನ್ನೇ ಹಾಕಿಕೊಳ್ಳಬಹುದು. ಬೆಚ್ಚಗಿನ ಸೋಪಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಮಕ್ಕಳ ಮೆದು ಬ್ರಷ್ಷಿನಲ್ಲಿ ಸುತ್ತುಗಳನ್ನು ತಿಕ್ಕು. ಟೂತ್‌ಪೇಸ್ಟ್ ಹಾಕಬೇಡ, ಗೀರು ಬೀಳುತ್ತದೆ.

ಔಷಧಿ ಅಂಗಡಿ
ಮಲ್ಲಿಗೆ ದಂಡೆ ಮೇಡಂ, ತೆರೆದ ಆಂಪ್ಯೂಲ್ ಅರ್ಧ ಉಳೀತು ಅಂತ ಫ್ರಿಜ್ಜಲ್ಲಿ ಇಡಬೇಡಿ. ಅದಕ್ಕೆ ಮುಚ್ಚಳ ಇಲ್ಲ. ಉಳಿದದ್ದರಲ್ಲಿ ಮೂಗಿನ ಒಳಬದಿ ಇನ್ನೊಂದು ಸಲ ತೊಳೆದು ಚೆಲ್ಲಿಬಿಡಿ.